ಲೆಸ್ಟರ್‌ನ ಮೂರನೇ ರಿಚರ್ಡ್ ಸಂದರ್ಶಕರ ಕೇಂದ್ರ: ನಾಟಕ ಓದಿದವರಿಗೆ ಅಲ್ಲಿ ಏನಿದೆ?

ಷೇಕ್ಸ್‌ಪಿಯರ್ ಬರೆದ ಅತಿ ಉದ್ದದ ಪಾತ್ರಗಳಲ್ಲಿ ಹದಿನೈದನೇ ಶತಮಾನದ ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್‌ನದೂ ಒಂದು. ನಾಟಕದ ಮೊದಲ ಮಾತೂ ಅವನದೇ. ಅಷ್ಟೆಲ್ಲ ಮಾತಾಡಿದವನಿಗೆ ಸಾಯುವಾಗ ಮಾತ್ರ ಒಂದು ಸಾಲೂ ಇಲ್ಲ. ಐದನೇ ಅಂಕದ ಕೊನೆಗೆ ಇರುವುದು ಬರೀ ರಂಗಸೂಚನೆ: ರಿಚರ್ಡ್, ರಿಚ್ಮಂಡ್ ಬರುತ್ತಾರೆ, ಕಾದುತ್ತಾರೆ, ರಿಚರ್ಡ್ ಹತನಾಗುತ್ತಾನೆ. ಆಮೇಲೆ ರಿಚ್ಮಂಡ್, ಎಂದರೆ ಮುಂದೆ ಏಳನೇ ಹೆನ್ರಿಯಾಗುವ ಎದುರಾಳಿ, ‘ಗೆದ್ದೆವು, ಆ ನೆತ್ತರ ನಾಯಿ ಸತ್ತಿತು’ ಎಂದು ಹೇಳಿ ಮುಂದಿನ ಕೆಲಸಕ್ಕೆ ಹೊರಡುತ್ತಾನೆ.

ಈ ಒಂದು ಸಾಲಿನ ಸಾವನ್ನು ಒರೆಗೆ ಹಚ್ಚಿ ನೋಡುವಂಥ ಜಾಗ ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿದೆ. ಕೇಂದ್ರ ತೆರೆದದ್ದು 2014ರ ಜುಲೈನಲ್ಲಿ, ಹಳೆಯ ಶಾಲಾ ಕಟ್ಟಡವೊಂದರಲ್ಲಿ. ಪಕ್ಕದ ಕಾರ್ ಪಾರ್ಕಿಂಗ್ ಜಾಗದಲ್ಲಿ ರಾಜನ ಅಸ್ಥಿ ಸಿಕ್ಕಿತ್ತು. ಆ ಗುಂಡಿಯನ್ನೂ ಸೇರಿಸಿಕೊಂಡೇ ಕಟ್ಟಡವನ್ನು ವಿಸ್ತರಿಸಿದ್ದಾರೆ. ಎದುರಿಗೇ ಕ್ಯಾಥೆಡ್ರಲ್. ಲಂಡನ್‌ನ ಸೇಂಟ್ ಪ್ಯಾಂಕ್ರಸ್‌ನಿಂದ ರೈಲಿನಲ್ಲಿ ಒಂದು ಗಂಟೆಗೆ ಸ್ವಲ್ಪ ಮೇಲಾಗುತ್ತದೆ, ಇಳಿದ ಮೇಲೆ ಕಾಲು ಗಂಟೆ ನಡಿಗೆ. ಟಿಕೆಟ್ ಕೊಳ್ಳಬೇಕು; ದರ, ರಜೆ ಆಗಾಗ ಬದಲಾಗುವುದರಿಂದ ಹೊರಡುವ ಮುಂಚೆ ನೋಡಿಕೊಂಡರೆ ಒಳ್ಳೆಯದು. ಒಂದೂವರೆಯಿಂದ ಎರಡು ಗಂಟೆ ಸಾಕು, ಆದರೆ ಆ ಹೊತ್ತನ್ನು ಎಲ್ಲಿ ಕಳೆಯುತ್ತೀರಿ ಅನ್ನುವುದೇ ಮುಖ್ಯ.

ಮೊದಲೇ ಒಂದು ಮಾತು. ಒಳಗಿರುವುದು ಅಸಲಿ ಮೂಳೆಗಳಲ್ಲ. ಅವನ್ನು 2015ರ ಮಾರ್ಚ್ 26ರಂದು ಎದುರಿನ ಕ್ಯಾಥೆಡ್ರಲ್‌ನಲ್ಲಿ ಮತ್ತೆ ಮಣ್ಣು ಮಾಡಿದರು. ಕೇಂದ್ರದಲ್ಲಿರುವುದು ಸ್ಕ್ಯಾನ್ ಆಧರಿಸಿ ತ್ರೀಡಿ ಮುದ್ರಣದಲ್ಲಿ ಮಾಡಿದ ಪೂರ್ತಿ ಅಸ್ಥಿಪಂಜರದ ಪ್ರತಿ. ‘ನಕಲು ನೋಡಲು ದುಡ್ಡು ಕೊಡಬೇಕೆ’ ಎಂದು ಮೂಗು ಮುರಿಯುವವರಿದ್ದಾರೆ. ಗಾಯ ಓದುವುದಕ್ಕೆ ನಕಲೇ ಸಾಕು, ಅಸಲಿಯಾಗಿದ್ದರೆ ಇಷ್ಟು ಹತ್ತಿರ ಬಿಡುತ್ತಲೂ ಇರಲಿಲ್ಲ.

ನೆಲಮಹಡಿಯಲ್ಲಿ ರಾಜವಂಶದ ಕತೆ, ಸಿಂಹಾಸನಕ್ಕಾಗಿ ಎರಡು ಮನೆತನಗಳು ಕಾದಿದ ಗುಲಾಬಿ ಯುದ್ಧಗಳು, ರಿಚರ್ಡ್ ಸತ್ತ ಬಾಸ್ವರ್ತ್ ಕಾಳಗ. ಮೇಲಿನ ಮಹಡಿಯಲ್ಲಿ ಉತ್ಖನನ ಮತ್ತು ವಿಜ್ಞಾನ. ಕೊನೆಗೆ ಕೆಳಗಿಳಿದು ಸಮಾಧಿ ಗುಂಡಿ. ಯಾರ್ಕ್, ಲ್ಯಾಂಕಾಸ್ಟರ್ ಮನೆತನಗಳ ಗೋಜಲು ಗೊತ್ತಿಲ್ಲದವರು ಕೆಳಗೆ ಅರ್ಧ ಗಂಟೆ ನಿಲ್ಲಲಿ. ನಾಟಕ ಓದಿದವರು ಬೇಗ ದಾಟಬಹುದು. ಈ ಜೋಡಣೆಯಲ್ಲಿ ಒಂದು ದೊಡ್ಡ ಕೊರತೆ ಇದೆ. ಸಾವಿನ ಕತೆ ಕೆಳಗೆ, ಸಾವಿನ ಸಾಕ್ಷಿ ಮೇಲೆ. ನಾಟಕ ಹೇಳುವುದು, ಅಂದಿನ ಬರಹಗಾರರು ಹೇಳುವುದು, ಬುರುಡೆ ಹೇಳುವುದು ಮೂರನ್ನೂ ಒಂದೇ ಗೋಡೆಯ ಮೇಲೆ ಇಟ್ಟಿದ್ದರೆ ನೋಡುವವರಿಗೆ ಎಷ್ಟು ಸುಲಭವಾಗುತ್ತಿತ್ತು! ಈಗ ಅವನ್ನು ಜೋಡಿಸುವ ಕೆಲಸ ನಿಮ್ಮದೇ. ಐದನೇ ಅಂಕದ ಮೂರು, ನಾಲ್ಕು, ಐದನೇ ದೃಶ್ಯಗಳನ್ನು ರೈಲಿನಲ್ಲೇ ಓದಿಕೊಂಡು ಹೋಗಿ.

ಮೇಲಿನ ಮಹಡಿಯ ಅಸ್ಥಿಪಂಜರದ ಎದುರು ಹೆಚ್ಚಿನವರು ಮಾಡುವ ತಪ್ಪು ಒಂದೇ: ಮುಖ ನೋಡುತ್ತಾರೆ, ಡೊಂಕು ಬೆನ್ನು ನೋಡುತ್ತಾರೆ, ಮುಂದೆ ಹೋಗುತ್ತಾರೆ. ಕೊಂದ ಗಾಯ ಇರುವುದು ಬುರುಡೆಯ ಅಡಿಯಲ್ಲಿ, ಕತ್ತು ಸೇರುವ ಕಡೆ. ಸಾವಿನ ಹೊತ್ತಿಗೆ ಅಥವಾ ಅದರ ಬೆನ್ನಿಗೇ ಆದ ಗಾಯಗಳು ಮೂಳೆಯ ಮೇಲೆ ಒಟ್ಟು 11, ಅದರಲ್ಲಿ 9 ತಲೆಗೆ, ಉಳಿದ ಎರಡರಲ್ಲಿ ಒಂದು ಪಕ್ಕೆಲುಬಿಗೆ, ಇನ್ನೊಂದು ಸೊಂಟದ ಮೂಳೆಗೆ. ಈ ಲೆಕ್ಕ 2014ರಲ್ಲಿ ಪ್ರಕಟವಾದ ವೈದ್ಯಕೀಯ ಪರೀಕ್ಷೆಯದು. ಇದು ಕನಿಷ್ಠ ಸಂಖ್ಯೆ ಎನ್ನುವುದನ್ನು ಮರೆಯಬಾರದು. ಮಾಂಸಕ್ಕಷ್ಟೇ ತಾಗಿದ ಏಟು ಮೂಳೆಯಲ್ಲಿ ಉಳಿಯುವುದಿಲ್ಲ.

ತಲೆಯಡಿ ಎರಡು ಗಾಯಗಳಿವೆ. ದೊಡ್ಡದರಲ್ಲಿ ಮೂಳೆಯ ಒಂದು ಹೋಳೇ ಹಾರಿಹೋಗಿದೆ. ಕತ್ತಿಯ ಏಟಿರಬಹುದು, ಅಥವಾ ಹಾಲ್ಬರ್ಡ್‌ನಂಥ ಆಯುಧದ್ದು. ಹಾಲ್ಬರ್ಡ್ ಎಂದರೆ ಉದ್ದ ಕಾವಿನ ತುದಿಗೆ ಕೊಡಲಿಯ ಅಲಗು, ಮೇಲೊಂದು ಈಟಿಯ ಮೊನೆ ಇರುವ ಪದಾತಿಗಳ ಹತಾರ. ಇನ್ನೊಂದು ಚುಚ್ಚಿದ ಗಾಯ. ಮೊನೆ ಒಳಹೊಕ್ಕು ಮಿದುಳನ್ನು ದಾಟಿ ಬುರುಡೆಯ ಎದುರು ಭಾಗಕ್ಕೆ ಒಳಗಿನಿಂದ ತಾಗಿದೆ. ಇವೆರಡರಲ್ಲಿ ಯಾವುದೊಂದಾದರೂ ಕ್ಷಣದಲ್ಲಿ ಜೀವ ತೆಗೆಯುವಂಥದ್ದು. ನೆತ್ತಿಯ ಕಡೆಗೆ ಮೂರು ಕಡೆ ಚರ್ಮದ ಜೊತೆ ಮೂಳೆಯ ಪದರವನ್ನೂ ಕೆತ್ತಿಹಾಕಿದ ಗುರುತು ಇದೆ, ಬಡಗಿ ಉಳಿಯಲ್ಲಿ ಚಕ್ಕೆ ಎಬ್ಬಿಸಿದಂತೆ. ನೆತ್ತಿಯಲ್ಲೇ ಕಠಾರಿಯ ಮೊನೆ ಇಳಿದ ಸಣ್ಣ ತೂತು. ಬಲಗೆನ್ನೆಯ ಮೂಳೆಯಲ್ಲಿ ಇನ್ನೊಂದು, ದವಡೆಯಲ್ಲೂ ಕೊರೆದ ಗುರುತು.

ಈಗ ಕೈಗಳನ್ನು ನೋಡಿ. ಒಂದು ಗೀರೂ ಇಲ್ಲ. ಬರಿಗೈಯವನು ತಲೆಗೆ ಬರುವ ಏಟಿಗೆ ಕೈ ಅಡ್ಡ ಹಿಡಿಯುತ್ತಾನೆ, ಆಗ ಮುಂಗೈ ಮೂಳೆಗೆ ಗಾಯವಾಗುತ್ತದೆ. ಇಲ್ಲಿ ಅದಿಲ್ಲ ಎಂದರೆ ಮೈಮೇಲೆ ಉಕ್ಕಿನ ಕವಚ ಇನ್ನೂ ಇತ್ತು, ಶಿರಸ್ತ್ರಾಣ ಮಾತ್ರ ಹೋಗಿತ್ತು. ಬಿದ್ದದ್ದೋ, ತಾನೇ ತೆಗೆದದ್ದೋ, ಕಿತ್ತದ್ದೋ, ಅದನ್ನು ಮೂಳೆ ಹೇಳುವುದಿಲ್ಲ. ಒಂದು ಗಾಯ ಇನ್ನೊಂದರ ಮೇಲೆ ಬಿದ್ದಿಲ್ಲವಾದ್ದರಿಂದ ಯಾವುದು ಮೊದಲು, ಯಾವುದು ನಂತರ ಎಂಬ ಕ್ರಮವನ್ನೂ ಹೇಳಲಾಗದು. ‘ಮೊದಲು ಹೀಗೆ ಹೊಡೆದರು, ಆಮೇಲೆ ಹಾಗೆ’ ಎಂದು ಬಿಡಿಸಿ ಹೇಳುವ ಯಾವ ಮಾರ್ಗದರ್ಶಿಯನ್ನೂ ಅಷ್ಟರಮಟ್ಟಿಗೆ ನಂಬಬೇಡಿ.

ರಂಗದ ಮೇಲಿನ ದ್ವಂದ್ವಯುದ್ಧ ಸುಳ್ಳಾಗುವುದು ಇಲ್ಲೇ. ಕತ್ತಿಗೆ ಕತ್ತಿ ಕೊಟ್ಟು ಎದುರಾಬದುರು ಕಾದಿದವನಿಗೆ ಹೀಗೆ ತಲೆಯ ಸುತ್ತಲೂ ಗಾಯ ಆಗುವುದಿಲ್ಲ. ಅಲಗು, ಮೊನೆ, ಕಠಾರಿ ಎಂದು ಆಯುಧಗಳೂ ಬೇರೆ ಬೇರೆ, ದಿಕ್ಕುಗಳೂ ಬೇರೆ. ಹೊಡೆದವರು ಹಲವರು, ಕೊನೆಯ ಏಟುಗಳ ಹೊತ್ತಿಗೆ ರಾಜ ಮೊಣಕಾಲೂರಿದ್ದನೋ ಮುಖ ಕೆಳಗಾಗಿ ಬಿದ್ದಿದ್ದನೋ ಇರಬೇಕು. ಗದಾಯುದ್ಧದ ಆಟ ನೋಡಿದವರಿಗೆ ಷೇಕ್ಸ್‌ಪಿಯರ್ ಏನು ಮಾಡಿದ ಎಂದು ವಿವರಿಸಬೇಕಿಲ್ಲ. ಹದಿನೆಂಟು ಅಕ್ಷೋಹಿಣಿ ಸತ್ತರೂ ಆಟ ಮುಗಿಯಬೇಕಾದರೆ ಭೀಮ, ಕೌರವ ಇಬ್ಬರೇ ಉಳಿಯಬೇಕು. ಇಲ್ಲೂ ಅಷ್ಟೇ. ಮೇಲಾಗಿ ಆಗ ಸಿಂಹಾಸನದಲ್ಲಿದ್ದ ಎಲಿಜಬೆತ್, ಗೆದ್ದ ರಿಚ್ಮಂಡ್‌ನ ಮೊಮ್ಮಗಳು. ಅಜ್ಜ ದೂರ ನಿಂತಿದ್ದ, ಹೆಸರಿಲ್ಲದ ಪದಾತಿಗಳು ಕೆಲಸ ಮುಗಿಸಿದರು ಎಂದು ಬರೆಯುವ ನಾಟಕಕಾರನ ಗತಿ ಏನಾಗುತ್ತಿತ್ತೋ.

ಇನ್ನೊಂದು ಸಂಗತಿ, ಕಾಕತಾಳೀಯವೇ ಆದರೂ ಹೇಳದಿರಲಾಗದು. ಕಾಳಗದ ಹಿಂದಿನ ರಾತ್ರಿ ಡೇರೆಯಲ್ಲಿ ಮಲಗಿದ ರಿಚರ್ಡ್‌ನ ಕನಸಿಗೆ ನಾಟಕದಲ್ಲಿ ಬರುವ, ಅವನಿಂದ ಸತ್ತವರ ಪ್ರೇತಗಳನ್ನು ಎಣಿಸಿ. ಆರನೇ ಹೆನ್ರಿ, ಅವನ ಮಗ, ಕ್ಲಾರೆನ್ಸ್, ರಿವರ್ಸ್, ಗ್ರೇ, ವಾನ್, ಹೇಸ್ಟಿಂಗ್ಸ್, ಅಣ್ಣನ ಮಕ್ಕಳಾದ ಇಬ್ಬರು ಎಳೆಯ ರಾಜಕುಮಾರರು, ಹೆಂಡತಿ ಆ್ಯನ್, ಬಕಿಂಗ್‌ಹ್ಯಾಮ್. ಹನ್ನೊಂದು. ಮೂಳೆಯ ಮೇಲಿನ ಗಾಯಗಳೂ ಹನ್ನೊಂದು. ಅಂದಹಾಗೆ ಆ ಕೆಟ್ಟ ಕನಸು ನಾಟಕಕಾರನ ಸೃಷ್ಟಿಯಲ್ಲ. ಕಾಳಗ ನಡೆದ ಒಂದೆರಡು ವರ್ಷದೊಳಗೆ ಬರೆದ ಕ್ರೋಲಂಡ್ ಮಠದ ವೃತ್ತಾಂತದಲ್ಲೇ ಅದಿದೆ. ರಾಜ ರಾತ್ರಿಯೆಲ್ಲ ಪಿಶಾಚಿಗಳ ಗುಂಪನ್ನು ಕಂಡ, ಬೆಳಗ್ಗೆ ಮುಖ ಕಳೆಗುಂದಿತ್ತು ಎಂದು.

ಕುದುರೆಯ ಮಾತಿಗೆ ಬರೋಣ. ಕೇಂದ್ರದ ಗೋಡೆಯ ಬರಹಕ್ಕಿಂತ ನಾಟಕದ ಪುಟವೇ ಇಲ್ಲಿ ಹೆಚ್ಚು ನೆರವಿಗೆ ಬರುತ್ತದೆ. ‘ಕುದುರೆ! ಒಂದು ಕುದುರೆ! ಕುದುರೆಗೆ ನನ್ನ ರಾಜ್ಯವೇ!’ ಎಂಬ ಸಾಲನ್ನು ಓಡಿಹೋಗಲು ಕುದುರೆ ಬೇಡಿದ ಹೇಡಿಯ ಕೂಗು ಎಂದು ಬಹಳ ಜನ ತಿಳಿದಿದ್ದಾರೆ. ಪುಟ ತೆಗೆದರೆ ಹಾಗಿಲ್ಲ. ಅವನ ಆಪ್ತ ಕೇಟ್ಸ್‌ಬಿ ‘ಹಿಂದೆ ಸರಿಯಿರಿ ಪ್ರಭು, ಕುದುರೆ ತರಿಸುತ್ತೇನೆ’ ಅನ್ನುತ್ತಾನೆ. ರಿಚರ್ಡ್ ಅವನನ್ನು ಗದರಿ, ಪ್ರಾಣವನ್ನು ಪಗಡೆಯ ಗರಕ್ಕೆ ಒಡ್ಡಿಯಾಗಿದೆ, ಬಿದ್ದದ್ದು ಬೀಳಲಿ ಎನ್ನುತ್ತಾನೆ. ಕುದುರೆ ಬೇಕಿರುವುದು ರಿಚ್ಮಂಡ್‌ನನ್ನು ಹುಡುಕಲು: ಕಣದಲ್ಲಿ ಆರು ಜನ ರಿಚ್ಮಂಡ್ ಇದ್ದಾರೆ, ಅವನೆಂದುಕೊಂಡು ಐವರನ್ನು ಕೊಂದೆ ಅನ್ನುತ್ತಾನಲ್ಲ.

ಚರಿತ್ರೆಯ ದಾಖಲೆ ನಾಟಕದ ಈ ಒಂದು ಅಂಶಕ್ಕೆ ತುಂಬಾ ಹತ್ತಿರವಿದೆ. ಪಾಲಿಡೋರ್ ವರ್ಜಿಲ್ ಎಂಬ ಚರಿತ್ರಕಾರ ಗೆದ್ದ ಏಳನೇ ಹೆನ್ರಿಯ (ನಾಟಕದ ರಿಚ್ಮಂಡ್) ಆಶ್ರಯದಲ್ಲಿ ಬರೆದವನು, ರಿಚರ್ಡ್‌ನನ್ನು ಹೊಗಳಬೇಕಾದ ಹಂಗು ಅವನಿಗಿರಲಿಲ್ಲ. ಸೋಲು ಖಚಿತವಾದಾಗ ಓಡಿಹೋಗಲು ವೇಗದ ಕುದುರೆ ತಂದುಕೊಟ್ಟರು, ಇವತ್ತೇ ಯುದ್ಧವೋ ಪ್ರಾಣವೋ ಒಂದು ಮುಗಿಯಲಿ ಎಂದು ರಾಜ ನಿರಾಕರಿಸಿದ ಎಂದು ಅವನು ಬರೆಯುತ್ತಾನೆ. ರಿಚರ್ಡ್ ನೇರ ಹೆನ್ರಿಯ ಮೇಲೆಯೇ ನುಗ್ಗಿ, ಧ್ವಜ ಹಿಡಿದಿದ್ದ ವಿಲಿಯಂ ಬ್ರಾಂಡನ್‌ನನ್ನು ಕೊಂದು, ಭಾರಿ ಆಳು ಜಾನ್ ಚೀನಿಯನ್ನು ಉರುಳಿಸಿದ. ಅಷ್ಟರಲ್ಲಿ ವಿಲಿಯಂ ಸ್ಟಾನ್ಲಿಯ ದಂಡು ಹೆನ್ರಿಯ ಕಡೆ ಸೇರಿ ಪಕ್ಕದಿಂದ ಮುಗಿಬಿತ್ತು. ಶತ್ರುಗಳು ಕಿಕ್ಕಿರಿದ ನಡುವೆ ರಾಜ ಒಬ್ಬನೇ ವೀರನಂತೆ ಕಾದಿ ಸತ್ತ ಎಂಬುದು ವರ್ಜಿಲ್ ಮಾತು. ಜಾನ್ ರೌಸ್ ಎಂಬ ಇನ್ನೊಬ್ಬ ರಿಚರ್ಡ್‌ನನ್ನು ಬಾಯಿಗೆ ಬಂದಂತೆ ಬೈದವನು. ಅವನೂ ಕೊನೆಗೆ, ರಾಜ ‘ದ್ರೋಹ, ದ್ರೋಹ’ ಎಂದು ಕೂಗುತ್ತ ಕೊನೆಯುಸಿರಿನವರೆಗೂ ಕಾದಿದ ಎಂದು ಒಪ್ಪುತ್ತಾನೆ. ಕುದುರೆ ಕೆಸರಿನಲ್ಲಿ ಸಿಕ್ಕಿತು, ವೇಲ್ಸ್‌ನವನೊಬ್ಬ ಹಾಲ್ಬರ್ಡ್‌ನಿಂದ ಹೊಡೆದು ಕೊಂದ ಎಂದದ್ದು ಬರ್ಗಂಡಿಯ ಬರಹಗಾರ ಮೋಲಿನೇ. ವೇಲ್ಸ್‌ನ ಕವಿ ಗುಟೋರ್ ಗ್ಲಿನ್, ರೀಸ್ ಆಪ್ ಥಾಮಸ್ ಎಂಬವನನ್ನು ಹೊಗಳುತ್ತ ‘ಹಂದಿಯನ್ನು ಕೊಂದು ತಲೆ ಬೋಳಿಸಿದ’ ಎಂದು ಹಾಡಿದ್ದಾನೆ. ಬಿಳಿ ಕಾಡುಹಂದಿ ರಿಚರ್ಡ್‌ನ ಲಾಂಛನ. ಈ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು ನೆತ್ತಿಯ ಆ ಮೂರು ಕೆತ್ತು ಗಾಯಗಳ ಕಡೆ ಮತ್ತೆ ನೋಡಿ. ಟಿಕೆಟ್ಟಿನ ದುಡ್ಡು ಅಲ್ಲಿಗೇ ತೀರಿತು.

ಬೆನ್ನಿನ ವಿಷಯ ನಾಟಕದವರಿಗೆ ತೀರಾ ಬೇಕಾದದ್ದು. ನಾಟಕ ಹೇಳುವ ಗೂನು ಇರಲಿಲ್ಲ. ಇದ್ದದ್ದು ಸ್ಕೋಲಿಯೋಸಿಸ್, ಎಂದರೆ ಬೆನ್ನುಮೂಳೆಯ ಸಾಲು ಪಕ್ಕಕ್ಕೆ ಬಾಗುವುದು. ಬಾಗು ಬಲಕ್ಕೆ, ತಿರುಚಿಕೊಂಡು, ಅಳತೆ 65ರಿಂದ 85 ಡಿಗ್ರಿ. ಹುಟ್ಟಿನಿಂದ ಬಂದದ್ದಲ್ಲ, ಹರೆಯಕ್ಕೆ ಬರುವ ಹೊತ್ತಿಗೆ ಶುರುವಾದದ್ದು. ನೇರ ಇದ್ದಿದ್ದರೆ ಎತ್ತರ 5 ಅಡಿ 8 ಇಂಚು ಆಗುತ್ತಿತ್ತು, ಬಾಗಿದ್ದರಿಂದ ಕೆಲವು ಇಂಚು ಕಡಿಮೆ ಕಾಣುತ್ತಿದ್ದ. ಕೈ ಬಾಡಿರಲಿಲ್ಲ, ಕುಂಟು ಇದ್ದುದಕ್ಕೆ ಮೂಳೆಯಲ್ಲಿ ಆಧಾರವಿಲ್ಲ. ಬಲ ಭುಜ ಎಡಕ್ಕಿಂತ ಎತ್ತರ ಎಂದು ರೌಸ್ ಬರೆದಿದ್ದ, ಬೆನ್ನಿನ ಬಾಗು ಅದಕ್ಕೆ ಸರಿಹೊಂದುತ್ತದೆ. ಹಾಗಾಗಿ ಈ ಪಾತ್ರ ಕಟ್ಟುವವರು ಬೆನ್ನಿಗೆ ದಿಂಬು ಕಟ್ಟಿ ಮುಂದಕ್ಕೆ ಬಾಗಿಸುವುದು ನಾಟಕಕ್ಕೆ ನಿಷ್ಠೆ, ಚರಿತ್ರೆಗಲ್ಲ. ಚರಿತ್ರೆ ಬೇಕೆಂದರೆ ಬಲ ಭುಜದ ಪಟ್ಟಿಯ ಕೆಳಗೆ ಒಂದಿಷ್ಟು ತುಂಬಿಸಿ, ಬೆನ್ನು ನೇರ ಇಟ್ಟು, ಎಡ ಪಕ್ಕೆಯನ್ನು ಸ್ವಲ್ಪ ಕುಗ್ಗಿಸಿ ನಡೆದರೆ ಸಾಕು. ಚೆನ್ನಾಗಿ ಹೊಲಿದ ಅಂಗಿ ಹಾಕಿದರೆ ಯಾರಿಗೂ ತಿಳಿಯದಷ್ಟು. ಅವನು ಬದುಕಿದ್ದಾಗಲೂ ಹೆಚ್ಚಿನವರಿಗೆ ತಿಳಿದಿರಲಾರದು.

ಪಕ್ಕೆಲುಬಿನ ಮತ್ತು ಸೊಂಟದ ಗಾಯಗಳನ್ನು ಪ್ರತ್ಯೇಕ ಇಟ್ಟು ನೋಡಬೇಕು. ಕವಚ ಇದ್ದಾಗ ಆ ಜಾಗಕ್ಕೆ ಆಯುಧ ತಾಗುವುದು ಕಷ್ಟ. ಸೊಂಟದ್ದು ಬಲ ಪೃಷ್ಠದ ಮೂಲಕ ಹಿಂದಿನಿಂದ ಮೇಲ್ಮುಖವಾಗಿ ಹೊಕ್ಕದ್ದು. ಕವಚ ಕಳಚಿ, ಬತ್ತಲೆ ಹೆಣವನ್ನು ಕುದುರೆಯ ಬೆನ್ನಿಗೆ ಅಡ್ಡ ಹಾಕಿ ಲೆಸ್ಟರಿಗೆ ತಂದರು ಎನ್ನುತ್ತವೆ ದಾಖಲೆಗಳು. ಆ ಸ್ಥಿತಿಯಲ್ಲಿ ಯಾರೋ ಅವಮಾನಕ್ಕೆಂದೇ ಚುಚ್ಚಿದ್ದು ಎನ್ನುವುದೇ ಹೆಚ್ಚು ಒಪ್ಪುವ ಮಾತು. ನಾಟಕದಲ್ಲಿ ಇದರ ಸುಳಿವೇ ಇಲ್ಲ. ರಿಚ್ಮಂಡ್ ಅಲ್ಲಿ, ಸತ್ತ ಸಾಮಂತರನ್ನು ಅವರ ಹುಟ್ಟಿಗೆ ತಕ್ಕಂತೆ ಮಣ್ಣು ಮಾಡಿ ಎಂದು ದೊಡ್ಡ ಮನಸ್ಸಿನಿಂದ ಆಜ್ಞೆ ಕೊಡುತ್ತಾನೆ.

ಆ ಆಜ್ಞೆಯ ಮಾತು ಕಿವಿಯಲ್ಲಿರುವಾಗಲೇ ಕೆಳಗಿನ ಸಮಾಧಿ ಕೋಣೆಗೆ ಹೋಗಿ. ಗಾಜಿನ ನೆಲ, ಅದರಡಿ ಗುಂಡಿ, ಎಲುಬುಗಳು ಹೇಗೆ ಬಿದ್ದಿದ್ದವು ಎಂದು ಬೆಳಕಿನ ಗೆರೆಗಳಲ್ಲಿ ತೋರಿಸುತ್ತಾರೆ. ಇಡೀ ಕೇಂದ್ರದಲ್ಲಿ ಗದ್ದಲವಿಲ್ಲದ ಕೋಣೆ ಇದೊಂದೇ, ಅತ್ಯುತ್ತಮವಾದದ್ದೂ ಇದೇ. ಇಲ್ಲಿದ್ದದ್ದು ಗ್ರೇ ಫ್ರಯರ್ಸ್ ಎಂಬ ಫ್ರಾನ್ಸಿಸ್ಕನ್ ಮಠದ ಚರ್ಚು. ಗುಂಡಿ ತೋಡಿದವರಿಗೆ ಆತುರವಿತ್ತು. ಬದಿಗಳು ಓರೆ, ಉದ್ದ ಸಾಲದು, ಅದಕ್ಕೇ ತಲೆ ಗುಂಡಿಯ ಅಂಚಿಗೆ ಒರಗಿ ಮೇಲಕ್ಕೆ ಎದ್ದಿತ್ತು. ಪೆಟ್ಟಿಗೆ ಇಲ್ಲ, ಶವವಸ್ತ್ರದ ಗುರುತೂ ಇಲ್ಲ. ಕೈಗಳು ಬಲ ಸೊಂಟದ ಬಳಿ ಒಂದರ ಮೇಲೊಂದು, ಕಟ್ಟಿದ್ದಿರಲೂಬಹುದು. ಪಾದಗಳಿಲ್ಲ, ನೂರಾರು ವರ್ಷಗಳ ನಂತರ ಕಟ್ಟಡ ಕೆಲಸದವರ ಅಗೆತಕ್ಕೆ ಹೋದದ್ದು. ಕಾಳಗ ನಡೆದದ್ದು 1485ರ ಆಗಸ್ಟ್ 22, ಬೇಸಿಗೆ. ಜನ ನೋಡಲೆಂದು ಹೆಣವನ್ನು ಊರಿನಲ್ಲಿ ಇಟ್ಟ ಮೇಲೆ ಹೂತದ್ದು. ಸನ್ಯಾಸಿಗಳ ಆತುರಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಗುರುತು ಹಿಡಿದ ಬಗೆಯ ಮೇಲೆ ಮೇಲಿನ ಮಹಡಿಯಲ್ಲಿ ಸಾಕಷ್ಟು ಜಾಗ ಕೊಟ್ಟಿದ್ದಾರೆ, ಸರಳವಾಗಿಯೂ ಇದೆ. 2012ರ ಆಗಸ್ಟ್ 25ರಂದು ಅಗೆತ ಶುರು, ಮೊದಲ ದಿನವೇ ಕಾಲಿನ ಮೂಳೆ ಕಂಡದ್ದು, 2013ರ ಫೆಬ್ರುವರಿ 4ರಂದು ಲೆಸ್ಟರ್ ವಿಶ್ವವಿದ್ಯಾಲಯದ ಘೋಷಣೆ. ರಾಜನ ಅಕ್ಕನ ಹೆಣ್ಣು ಸಂತತಿಯ ಇಬ್ಬರ ತಾಯಿ-ಸಾಲಿನ ಡಿಎನ್‌ಎ ಹೊಂದಿತು. ಗಂಡು ಸಾಲಿನದು ಹೊಂದಲಿಲ್ಲ. ನಾಲ್ಕಾರು ಶತಮಾನದ ವಂಶಾವಳಿಯಲ್ಲಿ ಎಲ್ಲೋ ಒಂದು ಕಡೆ ಬರೆದ ತಂದೆ ಬೇರೆ, ನಿಜ ತಂದೆ ಬೇರೆ ಎಂದಷ್ಟೇ ಅದರ ಅರ್ಥ. ಕಾರ್ಬನ್ ಕಾಲನಿರ್ಣಯದಲ್ಲಿ ಒಂದು ಸೂಕ್ಷ್ಮವಿದೆ. ಮೀನು ಹೆಚ್ಚು ತಿನ್ನುವವರ ಎಲುಬು ನಿಜಕ್ಕಿಂತ ಹಳೆಯದಾಗಿ ಕಾಣುತ್ತದೆ. ರಾಜ ಚೆನ್ನಾಗಿ ಮೀನು ತಿಂದಿದ್ದ. ಅದನ್ನು ಸರಿಪಡಿಸಿದ ಮೇಲೆ 1485 ಆ ಅವಧಿಯೊಳಗೆ ಬಂದು ಕೂತಿತು.

ಎದುರಿನ ಕ್ಯಾಥೆಡ್ರಲ್‌ಗೆ ಹತ್ತು ನಿಮಿಷ ಸಾಕು. ತಿಳಿಬಣ್ಣದ ಸುಣ್ಣಕಲ್ಲಿನ ಚಪ್ಪಡಿ, ಅದರಲ್ಲಿ ಆಳವಾಗಿ ಕೊರೆದ ಶಿಲುಬೆ, ಕೆಳಗೆ ಕಪ್ಪು ಅಮೃತಶಿಲೆ. ಒಳಗಿನ ಓಕ್ ಪೆಟ್ಟಿಗೆ ಮಾಡಿದ ಬಡಗಿ, ಡಿಎನ್‌ಎ ಕೊಟ್ಟ ಆ ಇಬ್ಬರಲ್ಲಿ ಒಬ್ಬ.

ಕಾಳಗದ ಬಯಲನ್ನೂ ಅದೇ ದಿನ ನೋಡಿ ಮುಗಿಸುತ್ತೇವೆ ಎನ್ನುವವರಿಗೆ ಎಚ್ಚರಿಕೆ. ಬಾಸ್ವರ್ತ್‌ನದು ಬೇರೆಯೇ ಕೇಂದ್ರ, ಲೆಸ್ಟರ್‌ನಿಂದ ಪಶ್ಚಿಮಕ್ಕೆ, ಸ್ವಂತ ಕಾರು ಇಲ್ಲದೆ ಹೋಗುವುದು ತಾಪತ್ರಯ. ಅದು ಇರುವುದು ಆ್ಯಂಬಿಯನ್ ಗುಡ್ಡದ ಮೇಲೆ, ಅಲ್ಲೇ ರಾಜ ಬಿದ್ದ ಎಂದು ಬಹಳ ಕಾಲ ನಂಬಿದ್ದರು. 2005ರಿಂದ ಲೋಹಶೋಧಕ ಹಿಡಿದು ಹೊಲಗಳನ್ನು ಸಾಲು ಸಾಲಾಗಿ ಜಾಲಾಡಿದ ಮೇಲೆ ಸೀಸದ ಫಿರಂಗಿ ಗುಂಡುಗಳು ಸಿಕ್ಕಿದ್ದು ಅಲ್ಲಿಂದ ಸುಮಾರು 3 ಕಿಲೋಮೀಟರ್ ನೈರುತ್ಯಕ್ಕೆ, ಫೆನ್ ಲೇನ್ ರಸ್ತೆಯ ಆಚೀಚೆ. ಅಲ್ಲೊಂದು ಕಾಲದ ಜೌಗಿನ ಅಂಚಿನಲ್ಲಿ ಚಿನ್ನದ ಲೇಪದ ಪುಟ್ಟ ಬೆಳ್ಳಿ ಹಂದಿ ಸಿಕ್ಕಿತು, ರಿಚರ್ಡ್‌ನ ಆಪ್ತ ಯೋಧನೊಬ್ಬ ತೊಟ್ಟಿದ್ದ ಬಿಲ್ಲೆ. ಕೆಸರಿನಲ್ಲಿ ಸಿಕ್ಕ ಕುದುರೆಯ ಮಾತು ಬರೀ ಕತೆಯಲ್ಲ ಎನಿಸುವುದು ಆಗ. ಹೊಲಗಳು ಖಾಸಗಿ, ಅಲ್ಲಿ ನೋಡಲು ಹುಲ್ಲು ಬಿಟ್ಟರೆ ಏನಿಲ್ಲ. ಒಂದೇ ದಿನ ಇರುವವರು ಲೆಸ್ಟರ್‌ನಲ್ಲೇ ಉಳಿಯುವುದು ಲೇಸು.

ಸಣ್ಣ ಮಕ್ಕಳಿದ್ದರೆ ಮೇಲಿನ ಮಹಡಿ ಬೇಸರ ತರಬಹುದು, ಓದುವುದು ಜಾಸ್ತಿ. ಕೋಟೆ, ಅರಮನೆ, ಒಡವೆ ನಿರೀಕ್ಷಿಸುವವರಿಗೂ ಇದು ಜಾಗವಲ್ಲ. ರಿಚರ್ಡ್ ಎಳೆಯ ರಾಜಕುಮಾರರನ್ನು ಕೊಲ್ಲಿಸಿದನೋ ಇಲ್ಲವೋ ಎಂಬ ಪ್ರಶ್ನೆಗೆ ಎಲುಬಿನಲ್ಲಿ ಉತ್ತರವಿಲ್ಲ. ಅವನು ಹೇಗೆ ಸತ್ತ ಎನ್ನುವುದು ಗೊತ್ತಾದ ಮಾತ್ರಕ್ಕೆ ಅವನು ಎಂಥವನು ಎನ್ನುವುದು ಗೊತ್ತಾಗುವುದಿಲ್ಲ. ಪಾಪದ ರಾಜ ಎಂದು ಕಣ್ಣೀರಿಡುತ್ತ ಹೊರಬರುವವರು ಇದನ್ನೊಮ್ಮೆ ನೆನೆಯಬೇಕು.

ಸಮಯ ಮಿಕ್ಕರೆ ಬೋ ಬ್ರಿಡ್ಜ್ ಕಡೆಗೆ ನಡೆದು ಹೋಗಿ. ಮಠ ಒಡೆದಾಗ ರಾಜನ ಅಸ್ಥಿಯನ್ನು ಸೋರ್ ನದಿಗೆ ಎಸೆದರು ಎಂಬ ಮಾತು ಶತಮಾನಗಳ ಕಾಲ ಊರೆಲ್ಲ ಹಬ್ಬಿತ್ತು. ಅದನ್ನು ನಂಬಿ 1856ರಲ್ಲಿ ಇಲ್ಲೇ ಹತ್ತಿರ ರಾಜನ ಅಸ್ಥಿ ಇದೆ ಎಂದು ಕಲ್ಲು ಕೆತ್ತಿಸಿ ಹಾಕಿದರು. ಕಲ್ಲು ಇನ್ನೂ ಅಲ್ಲೇ ಇದೆ. ಅದು ಹಾಗಲ್ಲ ಎಂದು ಹೇಳುವ ಇನ್ನೊಂದು ಫಲಕವೂ ಅಲ್ಲೇ ಇದೆ.